ಒಂದಕ್ಷರದ ತಪ್ಪು ಮತ್ತು ಸೈನಿಕನ ಪಿಂಚಣಿ

(ಶಾಲೆಯ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಮಕ್ಕಳ ಹಾಜರಿಯನ್ನೂ ಕುರಿತು ಮಾತನಾಡುವುದು ನಮ್ಮ ವಾಡಿಕೆ. ಈ ಸಲ ಅವೆರಡನ್ನೂ ಬದಿಗಿರಿಸಿ, ಸೈನ್ಯದಲ್ಲಿ ಗಾಯಗೊಂಡು ಇಲ್ಲವೆ ರೋಗಕ್ಕೆ ತುತ್ತಾಗಿ ಊರಿಗೆ ಮರಳಿದವರ ಪಿಂಚಣಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಶಾಲೆಗೂ ಅದಕ್ಕೂ ಏನು ಸಂಬಂಧವೆಂದು ಕೇಳುವಿರಿ. ಸಂಬಂಧವುಂಟು. ಜತ್ತ ತಾಲೂಕಿನ ನಮ್ಮ ಹಳ್ಳಿಗಳ ಹುಡುಗನು ಸೈನ್ಯದ ಭರತಿಗೆ ಹೋಗುವಾಗ ಕೈಯಲ್ಲಿ ಹಿಡಿದೊಯ್ಯುವ ಮುಖ್ಯ ಕಾಗದವೆಂದರೆ ನಾವು ಕೊಟ್ಟ ಶಾಲೆ ಬಿಟ್ಟ ದಾಖಲೆ.

ಕಳೆದ ಮಳೆಗಾಲದಲ್ಲಿ ಈ ಶಾಲೆಯ ಹಳೆಯ ವಿದ್ಯಾರ್ಥಿಯೂ ಈಗಿನ ಇಬ್ಬರು ಮಕ್ಕಳ ಅಜ್ಜನೂ ಆದ ನಿವೃತ್ತ ಸಿಪಾಯಿಯೊಬ್ಬರು ನಮ್ಮ ಕಚೇರಿಗೆ ಬಂದರು. ಮೊಣಕಾಲು ಮಡಿಚಲಾಗದೆ ಕುರ್ಚಿಯ ಅಂಚಿನಲ್ಲಿ ಕುಳಿತು, ಚೀಲದೊಳಗಿನ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ನಮ್ಮ ಜನರಲ್ ರಜಿಸ್ಟರಿನಲ್ಲಿ ಅವರು ಮಲ್ಲಪ್ಪ. ಇದು ಅವರ ನಿಜವಾದ ಹೆಸರಲ್ಲ, ಉದಾಹರಣೆಗೆ ಹೀಗೆನ್ನೋಣ. ಹಿಂದೆ ಯಾರೋ ದಾಖಲೆಯನ್ನು ಮರಾಠಿಯಲ್ಲಿ ಬರೆದುಕೊಡುವಾಗ ಅದು ಮಲ್ಲಾಪ್ಪಾ ಆಯಿತು. ಭರತಿಯ ಕಾರಕೂನರು ಇಂಗ್ಲಿಷಿಗೆ ಇಳಿಸುವಾಗ ಒಂದು ಲಕಾರ ಉದುರಿ ಮಲಪ್ಪನಾಯಿತು. ಆಸ್ಪತ್ರೆಯ ಕಾಗದದಲ್ಲಿ ಹೆಸರಿನ ಜಾಗದಲ್ಲಿ ಮನೆತನದ ಹೆಸರು ಕುಳಿತಿತ್ತು. ಸೈನಿಕ ಸಂಖ್ಯೆಯ ಎರಡು ಅಂಕಿಗಳು ಹಿಂದುಮುಂದಾಗಿದ್ದವು. ಆ ಆಸ್ಪತ್ರೆಯ ಕಾಗದ ನಿಮ್ಮದಲ್ಲವೆಂದು ಒಂದು ಕಚೇರಿ ಅವರಿಗೆ ಉತ್ತರ ಬರೆದಿತ್ತು. ಮೊಣಕಾಲು ಮಾತ್ರ ಅವರದೇ ಆಗಿತ್ತು.

ಜನ್ಮದಿನಾಂಕವೋ, ಜೂನ್ 1. ಈ ಪ್ರಾಂತದ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದವರೆಂದು ನಮ್ಮ ಹಳೆಯ ರಜಿಸ್ಟರುಗಳನ್ನು ನೋಡಿದವರಿಗೆ ಅನಿಸೀತು. ಅದು ಮಾಸ್ತರರ ಕೃಪೆ.

ಅಂಗವೈಕಲ್ಯ ಪಿಂಚಣಿ ದೊರೆಯಬೇಕಾದರೆ ಎರಡು ಸಂಗತಿಗಳು ಕಾಗದದಲ್ಲಿ ಕಾಣಬೇಕು. ಆ ಗಾಯ ಅಥವಾ ರೋಗವು ಸೈನ್ಯದ ಸೇವೆಯಿಂದ ಬಂದುದು, ಇಲ್ಲವೆ ಸೇವೆಯಿಂದ ಉಲ್ಬಣಿಸಿದುದು ಎಂಬುದು ಒಂದು. ವೈದ್ಯಮಂಡಲಿಯು ಅದನ್ನು ಶೇಕಡಾ 20ಕ್ಕೆ ಕಡಿಮೆಯಿಲ್ಲದಂತೆ ಎಣಿಸಿದೆ ಎಂಬುದು ಇನ್ನೊಂದು. ಭರತಿಯ ದಿನದ ವೈದ್ಯಪರೀಕ್ಷೆ, ಗಾಯದ ವರದಿ, ಆಸ್ಪತ್ರೆಯ ಕಾಗದ, ಬಿಡುಗಡೆಯ ಕಾಲದ ವೈದ್ಯಮಂಡಲಿಯ ಅಭಿಪ್ರಾಯ ಇವೆಲ್ಲವೂ ಒಂದೇ ಹೆಸರಿನಲ್ಲಿ, ಒಂದೇ ಸಂಖ್ಯೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಒಂದು ಕೊಂಡಿ ಕಳಚಿದರೆ ಉಳಿದುದೆಲ್ಲ ಸಡಿಲವಾಗುತ್ತದೆ.

ಆದರೆ ಕಾಗದವಿಲ್ಲವೆಂದರೆ ಹಕ್ಕೂ ಇಲ್ಲವೆಂದು ತಿಳಿಯಬೇಡಿರಿ. ಇಲ್ಲಿ ಧರಮ್‌ವೀರ್ ಸಿಂಗ್ ಎಂಬ ಸೈನಿಕರ ಮೊಕದ್ದಮೆಯನ್ನು ಹೇಳಲೇಬೇಕು. ಅವರು 1985ರಲ್ಲಿ ಸಿಗ್ನಲ್ಸ್ ದಳವನ್ನು ಸೇರಿದರು. ಸುಮಾರು ಒಂಬತ್ತು ವರ್ಷಗಳ ಸೇವೆಯ ಮೇಲೆ, 1994ರಲ್ಲಿ, ಮೂರ್ಛೆರೋಗದ ಕಾರಣದಿಂದ ಅವರನ್ನು ಬಿಡುಗಡೆ ಮಾಡಲಾಯಿತು. ವೈಕಲ್ಯವು ಶೇಕಡಾ 20. ಆದರೆ ರೋಗವು ಹುಟ್ಟಿನ ದೇಹಪ್ರಕೃತಿಯದು, ಸೇವೆಗೆ ಸಂಬಂಧಿಸಿದುದಲ್ಲ ಎಂದು ವೈದ್ಯಮಂಡಲಿ ಬರೆಯಿತು. ಏಕೆ ಅಲ್ಲವೆಂಬ ಕಾರಣವನ್ನು ಮಾತ್ರ ಬರೆಯಲಿಲ್ಲ. 2013ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಭರತಿಯ ದಿನದ ಕಾಗದದಲ್ಲಿ ಇಂತಹ ರೋಗವಿತ್ತೆಂಬ ಬರಹವೇ ಇಲ್ಲದಿರುವಾಗ ಆತನು ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ರುಜುವಾತಿನ ಭಾರವನ್ನು ಸೈನಿಕನ ಹೆಗಲಿಗೆ ಹೊರಿಸಕೂಡದು, ಸಂಶಯ ಬಂದರೆ ಅದರ ಲಾಭ ಅವನಿಗೇ ಸಲ್ಲಬೇಕು ಎಂದು ತೀರ್ಪಿತ್ತಿತು. ಸರಕಾರದ ಕಡತವು ಮೌನವಾಗಿದ್ದರೆ ಆ ಮೌನವೂ ಸೈನಿಕನ ಪರವಾಗಿ ಸಾಕ್ಷಿ ನುಡಿಯಬಲ್ಲುದೆಂಬುದು ನಮಗೆ ಬಹಳ ದೊಡ್ಡ ಮಾತಾಗಿ ತೋರುತ್ತದೆ. ಇದು 1982ರ ನಿಯಮಗಳ ಮೇಲಣ ತೀರ್ಪು. 2023ರ ಸೆಪ್ಟೆಂಬರಿನಿಂದ ಬೇರೆ ನಿಯಮಗಳು ಬಂದಿವೆ. ಆಮೇಲೆ ಬಿಡುಗಡೆಯಾದವರು ಅವನ್ನು ಓದಿಸಿಕೊಂಡು ಮುಂದುವರಿಯಬೇಕು.

ತಡಮಾಡಿದರೆ ಆಗುವ ನಷ್ಟಕ್ಕೆ ಇನ್ನೊಂದು ಮೊಕದ್ದಮೆ ನಿದರ್ಶನ. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಅಶಕ್ತರೆಂದು ಬಿಡುಗಡೆಯಾದರು. ನ್ಯಾಯಾಲಯಕ್ಕೆ ಹೋದದ್ದು 1999ರಲ್ಲಿ. ಪಿಂಚಣಿಯ ಹಕ್ಕು ಉಳಿಯಿತು. ಆದರೆ ಹಿಂದಿನ ಬಾಕಿಯನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಮೂರೇ ವರ್ಷಗಳಿಗೆ ಮಿತಗೊಳಿಸಿತು. ಉಳಿದ ವರ್ಷಗಳ ಹಣ ಹೋದಂತೆಯೇ. ಇನ್ನು ಪಿಂಚಣಿಯಿಲ್ಲದೆ ಹೊರಬಂದವರ ಕಡತಗಳನ್ನು 25 ವರ್ಷಗಳಾದ ಮೇಲೆ ನಾಶಪಡಿಸುವ ಪದ್ಧತಿಯೂ ಉಂಟು. ಪಿಂಚಣಿ ನಿರಾಕರಿಸಲ್ಪಟ್ಟವನಿಗೇ ಆ ಕಡತ ಹೆಚ್ಚು ಬೇಕಾದುದು. ಈ ಪದ್ಧತಿಯನ್ನು ಮಾಡಿದವರು ಅದನ್ನು ಯೋಚಿಸಿದಂತೆ ಕಾಣುವುದಿಲ್ಲ.

ಆ ಹಿರಿಯರೊಡನೆ ನಾವು ಕೈಗೊಂಡ ಕೆಲಸ ಹೀಗಿತ್ತು. ಮೊದಲು ನಮ್ಮ ರಜಿಸ್ಟರಿನ ಪುಟದ ದೃಢೀಕೃತ ನಕಲನ್ನು ತೆಗೆದು, ಮೂರು ಹೆಸರುಗಳೂ ಒಬ್ಬರವೇ ಎಂಬ ಪ್ರಮಾಣಪತ್ರದೊಡನೆ ಜೋಡಿಸಿದೆವು. ತಪ್ಪಿನ ಒಂದು ಪಾಲು ನಮ್ಮ ಶಾಲೆಯದೆಂದು ಬರೆದುಕೊಟ್ಟೆವು. ಬರೆಯುವಾಗ ಕೈ ಹಗುರಾಗಿರಲಿಲ್ಲ. ಡಿಸ್ಚಾರ್ಜ್ ಪುಸ್ತಕದ ಪ್ರತಿಯನ್ನು ಸೇರಿಸಿ ಎಲ್ಲವನ್ನೂ ಅವರ ದಳದ ದಾಖಲೆ ಕಚೇರಿಗೆ ಕಳುಹಿಸಲಾಯಿತು. ಮರಾಠಾ ಲೈಟ್ ಇನ್‌ಫಂಟ್ರಿಯವರಿಗೆ ಅದು ಬೆಳಗಾವಿಯಲ್ಲಿದೆ. ಬೇರೆ ದಳದವರಿಗೆ ಬೇರೆ ಊರು. ಅಲ್ಲಿ ತಿದ್ದುಪಡಿಯಾದ ಮೇಲೆಯೇ ಪ್ರಯಾಗರಾಜದ ಪಿಂಚಣಿ ಕಚೇರಿಯು ತಿದ್ದಿದ ಆದೇಶವನ್ನು ಹೊರಡಿಸುವುದು. ವೈದ್ಯಮಂಡಲಿಯ ವರದಿಯ ನಕಲನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಿದೆವು. ಇಂತಹ ಅರ್ಜಿಗಳಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೆರವು ದೊರೆಯುತ್ತದೆ. ದಲ್ಲಾಳಿಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಮೇಲ್ಮನವಿಗಳೂ ವಿಫಲವಾದರೆ, 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯ ಪೀಠವು ಮುಂಬಯಿಯಲ್ಲಿದೆ.

ಅವರ ಹೆಸರು ಈಗ ಸರಿಯಾಗಿದೆ. ಗಾಯದ ವರದಿ ಇನ್ನೂ ಸಿಕ್ಕಿಲ್ಲ. ಅಂದು ಜೊತೆಯಲ್ಲಿದ್ದ ಇಬ್ಬರು ಗೆಳೆಯರ ಹೇಳಿಕೆಗಳನ್ನು ಬರೆಯಿಸಿ ಕಳುಹಿಸಿದ್ದೇವೆ; ಉತ್ತರದ ದಾರಿ ನೋಡುತ್ತಿದ್ದೇವೆ.

ರಜಿಸ್ಟರಿನಲ್ಲಿ ತಿದ್ದುಪಡಿಗೆ ಶಿಕ್ಷಣಾಧಿಕಾರಿಗಳ ಅನುಮತಿ ಬೇಕು. ಮಗು ಶಾಲೆ ಬಿಟ್ಟ ಮೇಲಂತೂ ಅದು ಬಹಳ ಕಷ್ಟದ ಕೆಲಸ. ಆದುದರಿಂದ ಬರುವ ಶನಿವಾರ ಬೆಳಿಗ್ಗೆ ಜನರಲ್ ರಜಿಸ್ಟರು ನಮ್ಮ ಕಚೇರಿಯ ಮೇಜಿನ ಮೇಲೆ ತೆರೆದಿರುತ್ತದೆ. ಮಗುವಿನ ಜನನ ಪತ್ರವನ್ನೂ ಆಧಾರ್ ಚೀಟಿಯನ್ನೂ ತಂದು, ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಅಕ್ಷರ ಅಕ್ಷರವಾಗಿ ಓದಿ ನೋಡಿರಿ. ಓದಲು ಬಾರದ ತಾಯಂದಿರಿಗೆ ಏಳನೆಯ ಇಯತ್ತೆಯ ಮಕ್ಕಳು ಓದಿ ಹೇಳುವರು.