ನಂಬರು ನಮ್ಮದು, ಕೀಲಿಕೈ ನಮ್ಮ ಉಡಿಯಾಗ ಇರಲಿ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಸದಸ್ಯರ ತಿಳಿವಳಿಕೆ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದೆಂದರೆ ಸಣ್ಣ ಮಾತಲ್ಲ. 1905ರಲ್ಲಿ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಇಂದು ನಿಮ್ಮ ಊರಿನಲ್ಲಿಯೂ ಉರಿಯುತ್ತಿದೆ. ಇದಕ್ಕೆ ಎಣ್ಣೆ ಎರೆದವರೆಲ್ಲರಿಗೂ ಮೊದಲು ನನ್ನ ಶರಣು.

ಫೋನು, ವಾಟ್ಸಾಪು, ಈ-ಮೇಲುಗಳನ್ನು ಕಡಿಮೆ ಖರ್ಚಿನಲ್ಲಿ, ನಮ್ಮ ಮನೆಯ ಗುಟ್ಟು ಬೀದಿಗೆ ಬೀಳದ ಹಾಗೆ ಬಳಸುವುದು ಹೇಗೆ ಎಂದು ಮಾತನಾಡಲು ನನಗೆ ಹೇಳಿದ್ದಾರೆ. ಇದು ಪ್ಯಾಟಿಯವರ ವಿಷಯ, ನಮಗ್ಯಾಕ ಎಂದು ಯಾರೂ ಅನ್ನಬಾರದು. ಭಾರತದ ಫೋನಿನ ಇತಿಹಾಸದೊಳಗ ನಮ್ಮ ಸೀಮೆಯ ಹೆಸರು ಮೊದಲನೇ ಸಾಲಿನಲ್ಲಿಯೇ ಐತಿ.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆಯನ್ನು ಆರಂಭಿಸಿತು. ಸ್ಯಾಮ್ ಪಿತ್ರೋಡಾ ಅವರ ಮುಂದಾಳತನದಲ್ಲಿ ನಮ್ಮ ದೇಶದ ಎಂಜಿನಿಯರರು ಹಳ್ಳಿಗಾಗಿಯೇ 128 ಪೋರ್ಟಿನ ಒಂದು ಸಣ್ಣ ಎಕ್ಸ್‌ಚೇಂಜು ತಯಾರಿಸಿದರು. ಹೊರದೇಶದ ಯಂತ್ರಗಳಿಗೆ ಎ.ಸಿ. ಕೋಣೆ ಬೇಕಾಗುತ್ತಿತ್ತು. ಇದಕ್ಕೆ ಅದು ಬೇಡ. ನಮ್ಮ ಬಿಸಿಲು, ನಮ್ಮ ಧೂಳು ತಡೆದುಕೊಂಡು ನಡೆಯುವ ಯಂತ್ರ ಅದು. ಅಂಥ ಮೊದಲನೆಯ ಯಂತ್ರವನ್ನು 1986ರ ಜುಲೈ ತಿಂಗಳಲ್ಲಿ ಕೂರಿಸಿದ್ದು ಎಲ್ಲಿ ಗೊತ್ತೇನ್ರಿ? ಆಗ ಬೈಲಹೊಂಗಲ ತಾಲೂಕಿನಲ್ಲಿದ್ದ ನಮ್ಮ ಕಿತ್ತೂರಿನಲ್ಲಿ! ಮುಂದೆ ಇಂಥ ಯಂತ್ರಗಳು ದೇಶದ ಸಾವಿರಾರು ಹಳ್ಳಿಗಳಿಗೆ ಹೋದವು. ಚನ್ನಮ್ಮನ ಊರು ಎಂದು ಹೆಸರಾದದ್ದು, ಹಳ್ಳಿಯ ಫೋನಿನ ತವರು ಎಂತಲೂ ಹೆಸರಾಯಿತು.

ಆಗ ಫೋನು ಮಾತಾಡುವ ವಸ್ತು ಮಾತ್ರ ಆಗಿತ್ತು. ಈಗ ಹಾಗಿಲ್ಲ. ಈಗ ಫೋನ್ ನಂಬರು ಅಂದರ ನಮ್ಮ ಸಹಿ, ನಮ್ಮ ಹೆಬ್ಬೆಟ್ಟು. ಬ್ಯಾಂಕಿನ ಒಟಿಪಿ ಅದಕ್ಕೆ ಬರತೈತಿ. ಆಧಾರ್, ರೈತರ ಫ್ರೂಟ್ಸ್ ನೋಂದಣಿ, ಪಿಎಂ-ಕಿಸಾನ್, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ, ಎಲ್ಲಾ ಕಡೆ ಒಂದು ನಂಬರು ಕೇಳುತ್ತಾರೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಇನ್ನು ಸಂಘದ ಕಿರ್ದಿ ಖತಾವಣಿಯೂ ಕಂಪ್ಯೂಟರಿಗೆ ಬಂದ ಮೇಲೆ ಅಲ್ಲಿಯೂ ನಂಬರು ಬೇಕು. ಆದ್ದರಿಂದ ನಾನು ಈ ದಿನ ಹೇಳುವ ಮಾತು ಒಂದೇ: ನಂಬರು ನಿಮ್ಮ ಹೆಸರಿನಲ್ಲಿರಲಿ, ನಿಮ್ಮ ಕೈಯಲ್ಲಿರಲಿ, ಜೀವಂತ ಇರಲಿ.

ಯಾರ ನಂಬರು ಕೊಟ್ಟೀರಿ?

ಇಲ್ಲಿ ಕೂತ ಅವ್ವಂದಿರನ್ನು ಕೇಳತೀನಿ. ನಿಮ್ಮ ಪಾಸ್‌ಬುಕ್ಕಿಗೆ ಯಾರ ನಂಬರು ಕೊಟ್ಟೀರಿ? ಮಗನದ್ದೋ, ಅಳಿಯನದ್ದೋ, ಅರ್ಜಿ ತುಂಬಿಕೊಟ್ಟ ಹುಡುಗನದ್ದೋ? ಅರ್ಜಿ ತುಂಬುವ ಅವಸರದಲ್ಲಿ ಹತ್ತಿರ ನಿಂತವರ ನಂಬರು ಬರೆಸಿ ಬಂದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ದುಡ್ಡು ಜಮಾ ಆದ ಸುದ್ದಿ ಆ ಮನುಷ್ಯನಿಗೆ ಮೊದಲು ಗೊತ್ತಾಗತೈತಿ, ತಾಯಿಗೆ ಗೊತ್ತಾಗೋದಿಲ್ಲ. ದುಡ್ಡು ತೆಗೆದ ಸುದ್ದಿಯೂ ಹಂಗ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರ ನಾಳೆ ಅವನು ನಂಬರು ಬದಲಿಸಿದರ ನಿಮ್ಮ ಸಂದೇಶ ಎಲ್ಲಿಗೆ ಹೋಗತೈತಿ?

‘ನಮ್ಮದೇನೈತ್ರಿ ಮುಚ್ಚಿಡಾಕ’ ಎಂದು ಕೆಲವರು ನಗುತ್ತಾರೆ. ನಿಮ್ಮ ಸಾಲದ ಬಾಕಿಯನ್ನು ಸಂಘದ ಕಾರ್ಯದರ್ಶಿಗಳು ಕಟ್ಟೆಯ ಮೇಲೆ ನಿಂತು ಓದಿದರೆ ನಗುತ್ತೀರಾ? ಓದುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಸಂಘ ಇಪ್ಪತ್ತೈದು ವರ್ಷ ನಿಂತಿದೆ. ಗುಟ್ಟು ಎಂದರೆ ಕಳ್ಳತನ ಅಲ್ಲ, ಮರ್ಯಾದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದು ಬೆಂಗಳೂರಿನ ದೊಡ್ಡ ಮಂದಿಗೆ ಅಷ್ಟೇ ಅಲ್ಲ, ರಾಮದುರ್ಗದ ನೇಕಾರನಿಗೂ, ಸವದತ್ತಿಯ ಕೂಲಿಯ ಹೆಣ್ಣುಮಗಳಿಗೂ ಇರುವ ಹಕ್ಕು.

ನಂಬರೂ ಸಾಯುತ್ತದೆ

ನಮ್ಮ ಭಾಗದ ಎಷ್ಟೋ ಜನ ದುಡಿಯಾಕ ಗೋವಾ, ಪುಣೆ, ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಹೊಸ ಸಿಮ್ ತಗೊಂಡು ಹಳೆಯದನ್ನು ಗೂಡಿನಲ್ಲಿ ಇಟ್ಟು ಮರೆಯುತ್ತಾರೆ. ಬ್ಯಾಂಕಿನಲ್ಲಿರುವುದು ಮಾತ್ರ ಹಳೆಯ ನಂಬರು.

ಟ್ರಾಯ್ ನಿಯಮದ ಪ್ರಕಾರ ಪ್ರಿಪೇಯ್ಡ್ ಸಿಮ್ ಅನ್ನು ಕರೆ, ಸಂದೇಶ, ಡೇಟಾ ಯಾವುದಕ್ಕೂ ಬಳಸದೆ 90 ದಿನ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ಇನ್ನೂ 30 ದಿನ ಉಳಿಸುವ ವ್ಯವಸ್ಥೆ ಇದೆ. ನಿಂತ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ. ಆಮೇಲೆ ಹೊಸ ಗಿರಾಕಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಸಂದೇಶ ಯಾವುದೋ ಊರಿನ ಅಪರಿಚಿತನಿಗೆ ಹೋಗಬಹುದು. ಅವನ ತಪ್ಪೂ ಇಲ್ಲ, ಕಂಪನಿಯ ತಪ್ಪೂ ಇಲ್ಲ. ಸತ್ತ ನಂಬರನ್ನು ದಾಖಲೆಯಿಂದ ತೆಗೆಸದೆ ಬಿಟ್ಟದ್ದೇ ಕಾರಣ.

ಆದ್ದರಿಂದ ನಂಬರು ಬಿಡುವ ಮುಂಚೆ ಬ್ಯಾಂಕು, ಆಧಾರ್ ಮತ್ತು ಸಂಘದಲ್ಲಿ ಹೊಸದನ್ನು ಬರೆಸಬೇಕು. ವಾಟ್ಸಾಪಿನ ಸೆಟ್ಟಿಂಗಿನಲ್ಲಿ ‘ನಂಬರ್ ಬದಲಿಸಿ’ ಎಂಬುದನ್ನು ಒತ್ತಿ ಖಾತೆಯನ್ನು ಹೊಸ ನಂಬರಿಗೆ ಒಯ್ಯಬೇಕು. ಮೊದಲು ಇದು, ಆಮೇಲೆ ಸಿಮ್ ಬಿಡುವುದು.

ಖರ್ಚಿನ ಲೆಕ್ಕ

ಹನಿ ಹನಿ ಕೂಡಿದರೆ ಹಳ್ಳ. ರಿಚಾರ್ಜಿನ ಹಳ್ಳ ಹೇಗೆ ಹರಿಯುತ್ತದೆ ನೋಡ್ರಿ. 28 ದಿನದ ಪ್ಯಾಕನ್ನು ನಾವು ‘ತಿಂಗಳ ಪ್ಯಾಕ್’ ಅಂತೀವಿ. ವರ್ಷಕ್ಕೆ 12 ಸಲ ಎಂದು ತಿಳಿದಿರುತ್ತೇವೆ. 28ರಿಂದ 13 ಗುಣಿಸಿದರೆ 364. ಅಂದರೆ ವರ್ಷಕ್ಕೆ 13 ಸಲ ಹಾಕಿಸುತ್ತೇವೆ. ಮನೆಯಲ್ಲಿ ನಾಲ್ಕು ಫೋನಿದ್ದರೆ ನಾಲ್ಕು ರಿಚಾರ್ಜು ಹೆಚ್ಚಿಗೆ. ಆದ್ದರಿಂದ ಪ್ಯಾಕಿನ ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂದು ನೋಡಬೇಕು. 30 ದಿನದ ಪ್ಯಾಕನ್ನೂ ಪ್ರತಿ ಕಂಪನಿ ಇಡಬೇಕೆಂದು ಟ್ರಾಯ್ 2022ರಲ್ಲಿಯೇ ಹೇಳಿದೆ. ಅಂಗಡಿಯವರು ಹೇಳದಿದ್ದರೆ ನಾವೇ ಕೇಳಬೇಕು.

ಎರಡನೆಯದು, ಇಂಟರ್ನೆಟ್ ಬೇಡದವರು ಅದಕ್ಕೆ ದುಡ್ಡು ಕೊಡುವುದು ಯಾಕೆ? ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕುಗಳನ್ನು ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶ ಮಾಡಿತು. ಗುಂಡಿ ಒತ್ತುವ ಸಣ್ಣ ಫೋನ್ ಇಟ್ಟುಕೊಂಡ ಅಜ್ಜ-ಅಜ್ಜಿಯರಿಗೆ ಅದು ಸಾಕು.

ಮೂರನೆಯದು, ನಿಮ್ಮ ಕಂಪನಿಯ ಸಿಗ್ನಲ್ ಹೊಲದಲ್ಲಿ ಹತ್ತದಿದ್ದರೆ ನಂಬರು ಬದಲಿಸುವ ಅಗತ್ಯವಿಲ್ಲ. 2011ರಿಂದ ದೇಶದಲ್ಲೆಲ್ಲ ಅದೇ ನಂಬರಿನೊಂದಿಗೆ ಕಂಪನಿ ಬದಲಿಸುವ ಅವಕಾಶ ಇದೆ. ಪೋರ್ಟ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರು ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಒಂದು ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಡಬೇಕು. ಕಂಪನಿ ಬದಲಿಸುವ ಮೊದಲು ಆ ಕಂಪನಿಯ ಸಿಮ್ ಇದ್ದ ನೆರೆಯವರ ಫೋನನ್ನು ನಿಮ್ಮ ಹೊಲಕ್ಕೆ ಒಯ್ದು ಸಿಗ್ನಲ್ ನೋಡ್ರಿ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ಎರಡು ನಂಬರಿನ ಸಂಸಾರ

ಅನುಕೂಲ ಇದ್ದವರಿಗೆ ಒಂದು ಸಲಹೆ. ಮನೆಯಲ್ಲಿ ಎರಡು ನಂಬರು ಇರಲಿ. ಬ್ಯಾಂಕು, ಆಧಾರ್, ಸಂಘಕ್ಕೆ ಕೊಟ್ಟ ನಂಬರು ಸಣ್ಣ ಗುಂಡಿ ಫೋನಿನಲ್ಲಿ ಮನೆಯ ತಿಜೋರಿಯ ಹಾಗೆ ಇರಲಿ. ಅದರಲ್ಲಿ ವಾಟ್ಸಾಪ್ ಇಲ್ಲ, ಆ್ಯಪ್ ಇಲ್ಲ. ಅಂಗಡಿ, ಸಂತೆ, ಗ್ರೂಪು, ಲಕ್ಕಿ ಡ್ರಾ ಚೀಟಿಗೆ ಕೊಡುವುದು ಇನ್ನೊಂದು ನಂಬರು. ಬಾಗಿಲ ಮುಂದಿನ ಕಟ್ಟೆ ಬೇರೆ, ದೇವರ ಜಗುಲಿ ಬೇರೆ ಇದ್ದಂತೆ. ಆದರೆ ಫೋನಿನಿಂದಲೇ ದುಡ್ಡು ಕಳಿಸುವವರು ಬ್ಯಾಂಕಿನ ನಂಬರಿನ ಸಿಮ್ಮನ್ನು ಅದೇ ಸ್ಮಾರ್ಟ್‌ಫೋನಿನಲ್ಲಿ ಇಡಬೇಕಾಗುತ್ತದೆ. ಅಂಥವರು ಆ ಫೋನನ್ನು ಮಕ್ಕಳ ಆಟಕ್ಕೆ ಕೊಡಬಾರದು.

ಕಾರ್ಡು, ಇನ್‌ಲ್ಯಾಂಡು, ವಾಟ್ಸಾಪು

ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆ ಅಲ್ಲ. ಕಾರ್ಡು ಅಗ್ಗ, ಆದರೆ ಎಲ್ಲರೂ ಓದಬಹುದು. ಮನೆಯ ಒಳಗಿನ ಮಾತಿಗೆ ನಾಲ್ಕು ಪೈಸೆ ಹೆಚ್ಚು ಕೊಟ್ಟು ಇನ್‌ಲ್ಯಾಂಡ್ ತಂದು ಅಂಟು ಹಚ್ಚುತ್ತಿದ್ದರು. ಟ್ರಂಕ್ ಕಾಲ್ ಮಾಡಿದರೆ ನಡುವೆ ಆಪರೇಟರ್ ಇದ್ದಾರೆಂದು ಮಾತು ನುಂಗುತ್ತಿದ್ದರು.

ಎಸ್‌ಎಂಎಸ್ ಎಂಬುದು ಕಾರ್ಡಿನ ಜಾತಿ. 2016ರಿಂದ ವಾಟ್ಸಾಪಿನ ಮಾತು ಅಂಟು ಹಚ್ಚಿದ ಇನ್‌ಲ್ಯಾಂಡು, ನಡುವೆ ಯಾರೂ ಒಡೆಯಲಾರರು. ಆದರೆ ಪತ್ರ ಎರಡೂ ತುದಿಗೆ ಬಿಚ್ಚಿಯೇ ಇರುತ್ತದೆ. ನೀವು ಕಳಿಸಿದ್ದನ್ನು ಅವರು ನೂರು ಜನಕ್ಕೆ ಕಳಿಸಬಹುದು. ಗ್ರೂಪಿನಲ್ಲಿ ನಿಮ್ಮ ನಂಬರು ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಈ ನಾಲ್ಕು ಕೆಲಸ ಮಾಡಿಕೊಳ್ರಿ:

ಒಂದು, ವಾಟ್ಸಾಪಿನಲ್ಲಿ ‘ಎರಡು ಹಂತದ ಪರಿಶೀಲನೆ’ ಎಂಬಲ್ಲಿ ಆರಂಕಿಯ ಪಿನ್ ಹಾಕಿಕೊಳ್ಳಿ. ಎರಡು, ‘ಲಿಂಕ್ ಆದ ಸಾಧನಗಳು’ ಎಂಬಲ್ಲಿ ವಾರಕ್ಕೊಮ್ಮೆ ನೋಡಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ತೆರೆದೇ ಉಳಿದಿದ್ದರೆ ಅಲ್ಲಿ ಗೊತ್ತಾಗುತ್ತದೆ, ಕೂಡಲೆ ಹೊರಗೆ ಹಾಕಿ. ಮೂರು, ಯಾರು ಬೇಕಾದವರು ನಿಮ್ಮನ್ನು ಗ್ರೂಪಿಗೆ ಸೇರಿಸದಂತೆ ‘ನನ್ನ ಸಂಪರ್ಕದವರು ಮಾತ್ರ’ ಎಂದು ಇಡಿ. ನಾಲ್ಕು, ಮದುವೆ ಆಮಂತ್ರಣ, ಪಿಎಂ-ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ ಎಪಿಕೆ ಎಂಬ ಕಡತ ಬಂದರೆ ಮುಟ್ಟಬೇಡಿ. ಅದು ಆಮಂತ್ರಣ ಅಲ್ಲ, ಫೋನಿನೊಳಗೆ ಹೊಕ್ಕು ಒಟಿಪಿ ಕದಿಯುವ ಕಳ್ಳ. ನಿಜವಾದ ಬೀಗರು ಅಕ್ಷತೆ ಹಿಡಿದು ಮನೆಗೆ ಬರತಾರ.

ಎಲ್ಲಿಯಾದರೂ ಆಧಾರ್ ನಕಲು ಕೊಡಬೇಕಾದಾಗ, ಕಡೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ನಡೆಯುತ್ತದೆಯೇ ಎಂದು ಕೇಳಿ. ಆಧಾರ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಅದು ಬಿಟ್ಟಿ ಸಿಗುತ್ತದೆ.

ಮಕ್ಕಳ ಈ-ಮೇಲು

ಕಾಲೇಜು, ನೌಕರಿ, ವಿದ್ಯಾರ್ಥಿವೇತನ ಎಲ್ಲಕ್ಕೂ ಈ-ಮೇಲ್ ಕೇಳುತ್ತಾರೆ. ಅರ್ಜಿ ತುಂಬುವ ಅಂಗಡಿಯಲ್ಲಿಯೇ ಒಂದು ಈ-ಮೇಲ್ ಮಾಡಿಸಿ, ಗುಪ್ತಪದವನ್ನು ಅಲ್ಲಿಯೇ ಬಿಟ್ಟು ಬರುವ ಮಕ್ಕಳಿದ್ದಾರೆ. ಸಂದರ್ಶನದ ಪತ್ರ ಬಂದು ತಿಂಗಳಾದ ಮೇಲೆ ಗೊತ್ತಾದರೆ ಏನು ಉಪಯೋಗ? ಈ-ಮೇಲಿಗೆ ದುಡ್ಡಿಲ್ಲ, ಮನೆಯ ಫೋನಿನಲ್ಲಿಯೇ ಹತ್ತು ಮಿನಿಟಿನ ಕೆಲಸ. ಗುಪ್ತಪದವನ್ನು ಸ್ವತಃ ಇಟ್ಟುಕೊಂಡು, ಒಂದು ಚೀಟಿಯಲ್ಲಿ ಬರೆದು ಮನೆಯ ಪೆಟ್ಟಿಗೆಯಲ್ಲಿ ಇಡಲಿ. ಮರೆತಾಗ ತೆರೆಯಲು ತಮ್ಮ ಮನೆಯ ನಂಬರನ್ನೇ ಕೊಡಲಿ. ಗೂಗಲ್ ಸಂಸ್ಥೆ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮ ಮಾಡಿ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಆದ್ದರಿಂದ ಆಗಾಗ ತೆರೆದು ನೋಡಬೇಕು.

ಫೋನ್ ಕಳೆದರೆ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕೋಟೆಯ ನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮುಂಚೆ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ಬರುವ 15 ಅಂಕಿಯ ಸಂಖ್ಯೆಯನ್ನು ಬರೆದಿಡಿ. ಫೋನ್ ಕಳೆದರೆ ಮೊದಲು ಸಿಮ್ ಬಂದ್ ಮಾಡಿಸಿ, ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಆ ಸಂಖ್ಯೆ ಹಾಕಿ ಫೋನನ್ನೇ ನಿಲ್ಲಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲಿಯೇ ನೋಡಬಹುದು. ನಿಮ್ಮದಲ್ಲದ ನಂಬರು ಕಂಡರೆ ‘ಇದು ನನ್ನದಲ್ಲ’ ಎಂದು ತಿಳಿಸಿ. ಖಾತೆಯಿಂದ ದುಡ್ಡು ಹೋದರೆ ನಾಚಿಕೊಂಡು ಕೂಡಬೇಡಿ, ಕೂಡಲೆ 1930ಕ್ಕೆ ಫೋನ್ ಮಾಡಿ. ಮೊದಲಿನ ತಾಸುಗಳಲ್ಲಿ ಹೇಳಿದರೆ ದುಡ್ಡನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು. ಮತ್ತು ಯಾರೇ ಕೇಳಲಿ, ಬ್ಯಾಂಕಿನವರೆಂದು ಕೇಳಲಿ, ಸಂಘದವರೆಂದು ಕೇಳಲಿ, ಫೋನಿನಲ್ಲಿ ಒಟಿಪಿ ಹೇಳಬ್ಯಾಡ್ರಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ವಾರ್ಷಿಕ ಸಾಮಾನ್ಯ ಸಭೆಯ ದಿನ ಒಂದು ಮೇಜು ಹಾಕಿ, ಇಬ್ಬರು ಕಲಿತ ಹುಡುಗ-ಹುಡುಗಿಯರನ್ನು ಕೂರಿಸಿ, ಪ್ರತಿ ಸದಸ್ಯರನ್ನು ‘ಈ ನಂಬರು ಇನ್ನೂ ನಿಮ್ಮದೇ ಏನ್ರಿ?’ ಎಂದು ಕೇಳಿಸಿರಿ. ಸದಸ್ಯರ ಮುಂದೆಯೇ ಆ ನಂಬರಿಗೆ ಒಂದು ಫೋನ್ ಮಾಡಿ ನೋಡಲಿ. ಗಂಟೆ ಬೇರೆಯವರ ಕಿಸೆಯಲ್ಲಿ ಬಾರಿಸಿದರೆ ಅಂದೇ ಸರಿ ಮಾಡಿಸಲಿ. ಇದಕ್ಕೆ ಖರ್ಚು ಏನೂ ಇಲ್ಲ. ಒಬ್ಬರಿಗೊಬ್ಬರು ಆಸರೆ ಆಗುವುದೇ ಸಹಕಾರ ಆದರೆ, ಓದು ಬಾರದ ಒಬ್ಬ ತಾಯಿಯ ನಂಬರನ್ನು ಅವಳ ಕೈಗೇ ಕೊಡಿಸುವುದೂ ಸಹಕಾರವೇ.

ಬೆಳ್ಳಿಹಬ್ಬ ಕಂಡ ಸಂಘ ಬಂಗಾರದ ಹಬ್ಬವನ್ನೂ ಕಾಣಲಿ.