ಐನೂರು ಜನ ಒಂದು ಸಾಮ್ರಾಜ್ಯ ಗೆದ್ದರು ಅನ್ನೋದು ನಿಜಾನಾ?



ನನ್ನ ಮಗಳು ಇಲ್ಲೇ ಪುಣೆಯಲ್ಲಿ ಏಳನೇ ಕ್ಲಾಸು ಓದ್ತಾಳೆ. ಹೋದ ವಾರ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ಸ್ಪೇನಿನಿಂದ ಐನೂರು ಜನ ಹೋಗಿ ಇಡೀ ಮೆಕ್ಸಿಕೊ ಗೆದ್ದುಬಿಟ್ರಂತೆ. ಅಲ್ಲಿಯವರು ಅಷ್ಟೊಂದು ದಡ್ಡರಾ?" ನಾನು ಎಲ್ಲರೂ ಹೇಳೋ ಉತ್ತರಾನೇ ಹೇಳಿದೆ. ಇವರ ಹತ್ರ ಬಂದೂಕಿತ್ತು, ಕುದುರೆ ಇತ್ತು, ಅವರ ಹತ್ರ ಇರ್ಲಿಲ್ಲ ಅಂತ. ಅವಳು ಬಿಡಲಿಲ್ಲ. "ಹಾಗಾದ್ರೆ ನಾವೂ ದಡ್ಡರೇ ಆಗಿದ್ವಾ? ನಮ್ಮನ್ನೂ ಹೊರಗಿನೋರೇ ಆಳಿದ್ರಲ್ಲ?"

ತುತ್ತು ಕೈಯಲ್ಲೇ ಉಳೀತು. ಮಗು ಕೇಳಿದ್ದು ಮೆಕ್ಸಿಕೊ ಬಗ್ಗೆ ಅಲ್ಲ, ತನ್ನ ಬಗ್ಗೆ. ಹಾಗಾಗಿ ಇವತ್ತು ಆ ಪ್ರಶ್ನೆಗೆ ಸರಿಯಾಗಿ ಉತ್ತರ ಹುಡುಕೋಣ.

ಮೊದಲು ಲೆಕ್ಕ ನೋಡೋಣ. 1519ರಲ್ಲಿ ಎರ್ನಾನ್ ಕೋರ್ತೆಸ್ ಕ್ಯೂಬಾದಿಂದ ಹೊರಟ. ಅವನ ಜೊತೆಗಿದ್ದ ಸೈನಿಕ ಬೆರ್ನಾಲ್ ದಿಯಾಸ್ ಮುಂದೆ ಮುಪ್ಪಿನಲ್ಲಿ ಬರೆದಿಟ್ಟ ಪ್ರಕಾರ 508 ಸೈನಿಕರು, 16 ಕುದುರೆಗಳು, ಬಂದೂಕು ಹಿಡಿದವರು 13 ಜನ. ಆ ಕಾಲದ ಬಂದೂಕು ಅಂದ್ರೆ ಒಂದು ಸಲ ಹೊಡೆದ ಮೇಲೆ ಮತ್ತೆ ಮದ್ದು ತುಂಬಿ, ಬತ್ತಿ ಹಚ್ಚಿ ಹೊಡೀಬೇಕು. ಮಳೆ ಬಂದ್ರೆ ಅದೂ ಇಲ್ಲ. ಎದುರಿಗಿದ್ದ ತೆನೊಚ್ತಿತ್ಲಾನ್ ಸರೋವರದ ಮಧ್ಯೆ ಕಟ್ಟಿದ ನಗರ. ನೀರಿನ ಮೇಲೆ ಹಾದುಹೋಗೋ ಉದ್ದುದ್ದ ರಸ್ತೆಗಳು, ದಡದ ಗುಡ್ಡದಿಂದ ಸಿಹಿನೀರು ತರೋ ಕಾಲುವೆ, ದೊಡ್ಡ ಸಂತೆ. ಅಂದಿನ ಸ್ಪೇನಿನ ಯಾವ ಊರಿಗಿಂತಲೂ ದೊಡ್ಡದು. 13 ಬಂದೂಕಿನಿಂದ ಅದನ್ನು ಗೆಲ್ಲೋಕಾಗುತ್ತಾ?

ಆಗಲಿಲ್ಲ. ಕಥೆಯಲ್ಲಿ ನಾವು ಮರೆಯೋದು ಇದನ್ನೇ. 1519ರ ನವೆಂಬರ್ 8ರಂದು ಕೋರ್ತೆಸ್ ನಗರದೊಳಗೆ ಹೋಗಿದ್ದು ಯುದ್ಧ ಮಾಡಿ ಅಲ್ಲ, ಅತಿಥಿಯಾಗಿ. ದೊರೆ ಮೊಕ್ತೆಸುಮಾ ತಾನೇ ಬಂದು ಎದುರುಗೊಂಡ. ಅತಿಥಿಗಳು ಅವನನ್ನೇ ಹಿಡಿದಿಟ್ಟುಕೊಂಡರು. ಮುಂದಿನ ಮೇ ತಿಂಗಳಲ್ಲಿ ಹಬ್ಬದಲ್ಲಿ ಕುಣಿಯುತ್ತಿದ್ದ ನಿರಾಯುಧ ಜನರನ್ನ ಸ್ಪೇನಿನವರು ಕೊಚ್ಚಿ ಹಾಕಿದರು. ಆಮೇಲೆ ನಗರ ಎದ್ದು ನಿಂತಿತು. 1520ರ ಜೂನ್ 30ರ ರಾತ್ರಿ ಕದ್ದು ಓಡಿಹೋಗುವಾಗ ನೂರಾರು ಸ್ಪೇನಿನವರು ಸತ್ತರು. ಬಂದೂಕು, ಕುದುರೆ, ಉಕ್ಕಿನ ಕತ್ತಿ ಎಲ್ಲ ಇದ್ದೂ ಸೋತರು. ಹಾಗಾದ್ರೆ ಒಂದು ವರ್ಷದ ಮೇಲೆ ಹೇಗೆ ಗೆದ್ದರು?

ಓಡಿದವರಿಗೆ ಜಾಗ ಕೊಟ್ಟಿದ್ದು ತ್ಲಾಷ್ಕಾಲಾ ಅನ್ನೋ ನಾಡು. ಆ ನಾಡಿನ ಸುತ್ತ ಮೆಶಿಕಾ ಸಾಮ್ರಾಜ್ಯ ಇತ್ತು. ಮೆಶಿಕಾ ಅಂದ್ರೆ ನಾವು ಆಜ್ಟೆಕ್ ಅಂತೀವಲ್ಲ, ಅವರೇ. ದಶಕಗಳ ಕಾಲ ತ್ಲಾಷ್ಕಾಲಾಗೆ ಉಪ್ಪು ಬರದ ಹಾಗೆ, ಹತ್ತಿ ಬರದ ಹಾಗೆ ದಾರಿ ಕಟ್ಟಿದ್ದರು. ಯುದ್ಧದಲ್ಲಿ ಸಿಕ್ಕಿದವರನ್ನ ದೇವರಿಗೆ ಬಲಿ ಕೊಡ್ತಿದ್ದರು. ಉಪ್ಪಿಲ್ಲದ ಅಡುಗೆ ಉಂಡ ಮನೆಗಳು ನೆರೆಯವನನ್ನ ಅಷ್ಟು ಬೇಗ ಕ್ಷಮಿಸೋದಿಲ್ಲ. ಮೊದಲ ಸಲ ಬಂದಾಗ ತ್ಲಾಷ್ಕಾಲಾದವರು ಸ್ಪೇನಿನವರ ಜೊತೆಯೂ ಹೋರಾಡಿದ್ದರು. ಆಮೇಲೆ ಲೆಕ್ಕ ಹಾಕಿದರು: ಈ ಗಡ್ಡದವರನ್ನ ಮುಗಿಸೋದಕ್ಕಿಂತ ಜೊತೆಗೆ ಇಟ್ಕೊಳ್ಳೋದು ಲಾಭ ಅಂತ.

1521ರಲ್ಲಿ ನಗರವನ್ನ ಮುತ್ತಿದಾಗ ಸ್ಪೇನಿನವರು ಸುಮಾರು 900 ಜನ ಇದ್ದರು. ತ್ಲಾಷ್ಕಾಲಾ, ತೆಷ್ಕೊಕೊ ಮತ್ತೆ ಇನ್ನೂ ಹಲವು ಊರುಗಳಿಂದ ಬಂದವರು ಹತ್ತಾರು ಸಾವಿರ. ಸರೋವರದಲ್ಲಿ ಓಡಿಸೋಕೆ ಕಟ್ಟಿದ 13 ಹಡಗುಗಳ ಭಾಗಗಳನ್ನ ಬೆಟ್ಟ ದಾಟಿಸಿ ಹೊತ್ತು ತಂದಿದ್ದು ಅವರ ಹೆಗಲು. ಊಟ ಒದಗಿಸಿದ್ದು ಅವರು. ದಾರಿ ತೋರಿಸಿದ್ದೂ ಅವರೇ.

ಜೊತೆಗೆ ಯಾರೂ ಕರೆಯದೆ ಬಂದ ಇನ್ನೊಂದು ಸೈನ್ಯ ಇತ್ತು, ಸಿಡುಬು. 1520ರ ಕೊನೆಗೆ ಅದು ನಗರದೊಳಗೆ ಹಬ್ಬಿತು. ಮೊಕ್ತೆಸುಮಾ ನಂತರ ಪಟ್ಟಕ್ಕೆ ಬಂದ ಕ್ವಿತ್ಲಾವಾಕ್ ಕೆಲವೇ ವಾರಗಳಲ್ಲಿ ಅದರಿಂದಲೇ ಸತ್ತ. ಮುತ್ತಿಗೆ ಶುರುವಾದಾಗ ಸಿಹಿನೀರಿನ ಕಾಲುವೆಯನ್ನೂ ಒಡೆದರು. ರೋಗ, ಹಸಿವು, ಬಾಯಾರಿಕೆ, ಇಷ್ಟರ ಮಧ್ಯೆಯೂ ಆ ಜನ ಎರಡೂವರೆ ತಿಂಗಳು ಬೀದಿಬೀದಿಯಲ್ಲಿ ಕಾದಾಡಿದರು. ಆಗಸ್ಟ್ 13ರಂದು ಕೊನೆಯ ದೊರೆ ಕ್ವಾವ್‌ತೆಮೊಕ್ ಸೆರೆಯಾದ. ಅವರನ್ನ ದಡ್ಡರು ಅನ್ನೋಕೆ ನನಗಂತೂ ಬಾಯಿ ಬರಲ್ಲ.

"ಕೋರ್ತೆಸ್‌ನನ್ನ ದೇವರು ಅಂತ ನಂಬಿ ಮೋಸ ಹೋದರು" ಅನ್ನೋ ಕಥೆಯನ್ನೂ ನೀವು ಕೇಳಿರ್ತೀರಿ. ಕೋರ್ತೆಸ್ ತನ್ನ ರಾಜನಿಗೆ ಬರೆದ ಉದ್ದುದ್ದ ಪತ್ರಗಳಿವೆ. ತನ್ನ ಬಗ್ಗೆ ಹೇಳ್ಕೊಳ್ಳೋಕೆ ಸಂಕೋಚಪಡೋ ಆಸಾಮಿ ಅಲ್ಲ ಅವನು. ಆದರೂ ನನ್ನನ್ನ ದೇವರು ಅಂದುಕೊಂಡರು ಅಂತ ಅವನು ಎಲ್ಲೂ ಬರೆದಿಲ್ಲ. ಆ ಕಥೆ ಗಟ್ಟಿಯಾಗಿದ್ದು ದಶಕಗಳ ನಂತರ, ಗೆದ್ದವರ ಬರಹಗಳಲ್ಲಿ.

ಸರಿ, ಇಷ್ಟು ಕೇಳಿದ ಮೇಲೆ ಆಫೀಸಿನ ಕ್ಯಾಂಟೀನಿನಲ್ಲಿ ಬರೋ ಇನ್ನೊಂದು ಉತ್ತರ ಗೊತ್ತಲ್ಲ: "ಹಂಗಾದ್ರೆ ಅವರೋರೇ ಅವರಿಗೆ ದ್ರೋಹ ಮಾಡಿದ್ರು ಬಿಡಿ. ನಮ್ಮಲ್ಲೂ ಅದೇ ಆಗಿದ್ದು." ದಡ್ಡರು ಅನ್ನೋದನ್ನ ಬಿಟ್ಟು ದ್ರೋಹಿಗಳು ಅಂದೆವು, ಅಷ್ಟೇ.

ನಿಜವಾಗಿ ನೋಡಿ, "ಅವರೋರು" ಅಂದ್ರೆ ಯಾರು? ತ್ಲಾಷ್ಕಾಲಾದವರಿಗೆ ಮೆಶಿಕಾ ಜನ ತಮ್ಮವರಲ್ಲ, ಶತ್ರುಗಳು. ಎರಡೂ ಕಡೆಯವರು "ಇಂಡಿಯನ್ನರು" ಅಂತ ಒಂದೇ ಹೆಸರಿನ ಕೆಳಗೆ ಬಂದಿದ್ದು ಕೊಲಂಬಸ್ ಮಾಡಿದ ತಪ್ಪಿನಿಂದ. ಇಲ್ಲದ ನಾಡಿಗೆ ದ್ರೋಹ ಮಾಡೋಕೆ ಹೇಗೆ ಸಾಧ್ಯ?

ಮಲಿಂಚೆ ಕಥೆ ಇನ್ನೂ ಕಠಿಣ. ಅವಳ ಮಾತೃಭಾಷೆ ನಾವಾಟಲ್. ಜೀತಕ್ಕೆ ಬಿದ್ದು ಮಾಯಾ ನಾಡು ಸೇರಿ ಮಾಯಾ ಭಾಷೆ ಕಲಿತಳು. 1519ರಲ್ಲಿ ಸೋತ ಊರಿನವರು ಕೋರ್ತೆಸ್‌ಗೆ ಒಪ್ಪಿಸಿದ 20 ಹೆಂಗಸರಲ್ಲಿ ಅವಳೂ ಒಬ್ಬಳು. ಶುರುವಿನಲ್ಲಿ ಅವಳು ನಾವಾಟಲನ್ನ ಮಾಯಾಗೆ ತರೋಳು, ಹಡಗೊಡೆದು ಅಲ್ಲೇ ವರ್ಷಗಟ್ಟಲೆ ಉಳಿದಿದ್ದ ಅಗಿಲಾರ್ ಅನ್ನೋ ಸ್ಪೇನಿನವನು ಅದನ್ನ ಸ್ಪ್ಯಾನಿಷ್‌ಗೆ ತರೋನು. ಸ್ವಲ್ಪ ದಿನಕ್ಕೆ ಅವಳೇ ಸ್ಪ್ಯಾನಿಷ್ ಕಲಿತಳು. ಪರಊರಿನಲ್ಲಿ ಬಾಳೋ ನಮಗೆ ಗೊತ್ತು, ಭಾಷೆ ಬಲ್ಲವರ ಬೆಲೆ ಏನು ಅಂತ. ಇವತ್ತಿಗೂ ಮೆಕ್ಸಿಕೊದಲ್ಲಿ ಪರದೇಶದ್ದೇ ಮೇಲು ಅನ್ನೋರನ್ನ "ಮಲಿಂಚಿಸ್ತಾ" ಅಂತ ಹಂಗಿಸ್ತಾರೆ. ಜೀತಕ್ಕೆ ತಳ್ಳಿದವರು ಒಬ್ಬರು, ಪರರಿಗೆ ಒಪ್ಪಿಸಿದವರು ಇನ್ನೊಬ್ಬರು, ದ್ರೋಹಿ ಅನ್ನೋ ಹೆಸರು ಮಾತ್ರ ಅವಳಿಗೆ.

ನಮ್ಮ ಕಡೆಗೂ ಸ್ವಲ್ಪ ಬರೋಣ. ಪುಣೆ, ಮುಂಬೈನಲ್ಲಿರೋ ನಾವು ರಜಕ್ಕೆ ಹೋಗೋ ಗೋವಾ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಹೊರಟಿದ್ದು ಗೋವಾಕ್ಕಲ್ಲ, ಕೆಂಪು ಸಮುದ್ರದ ಕಡೆಗೆ. ಗೋವಾ ಹಿಡಿ, ಈಗ ಸಮಯ ಇದೆ ಅಂತ ಹೇಳಿದ್ದು ನಮ್ಮ ಹೊನ್ನಾವರದ ತಿಮ್ಮಯ್ಯ, ಕಡಲ ಮೇಲಿನ ಪಡೆಗಳ ನಾಯಕ. ಗೋವಾ ಆಗ ಬಿಜಾಪುರದ ಆದಿಲ್‌ಶಾಹಿಯ ಕೈಯಲ್ಲಿತ್ತು, ಅದಕ್ಕೂ ಹಿಂದೆ ವಿಜಯನಗರದ್ದಾಗಿತ್ತು. ತಿಮ್ಮಯ್ಯನ ದೃಷ್ಟಿಯಲ್ಲಿ ಅದು ದ್ರೋಹ ಅಲ್ಲ, ಶತ್ರುವಿನ ಬಂದರು ಕಿತ್ತುಕೊಳ್ಳೋ ಅವಕಾಶ. ಅಲ್ಬುಕರ್ಕ್ ಒಮ್ಮೆ ಹಿಡಿದು, ಕಳಕೊಂಡು, ನವೆಂಬರ್ 25ರಂದು ಮತ್ತೆ ಹಿಡಿದ. ಐವತ್ತು ವರ್ಷಕ್ಕೆ, 1560ರಲ್ಲಿ, ಅಲ್ಲಿ ಇನ್‌ಕ್ವಿಸಿಷನ್ ಬಂತು. ಎಷ್ಟೋ ಕೊಂಕಣಿ ಕುಟುಂಬಗಳು ಗಂಟುಮೂಟೆ ಕಟ್ಟಿ ನಮ್ಮ ಕರಾವಳಿಗೆ ಬಂದವು. ಪೋರ್ಚುಗೀಸರು ಹೋಗಿದ್ದು 1961ರಲ್ಲಿ. 451 ವರ್ಷ! ತಿಮ್ಮಯ್ಯನ ಲೆಕ್ಕದಲ್ಲಿ ಇದಿರೋಕೆ ಹೇಗೆ ಸಾಧ್ಯ?

ಎಚ್ಚರಿಸಿದವರು ಇರಲಿಲ್ಲ ಅಂತಲ್ಲ. ಸೋತ ಸ್ಪೇನಿನವರು ತ್ಲಾಷ್ಕಾಲಾಗೆ ಬಂದಾಗ ಮೆಶಿಕಾ ದೂತರೂ ಬಂದು ಕೇಳಿದರು: ಹಳೇದೆಲ್ಲ ಬಿಡೋಣ, ಒಟ್ಟಾಗಿ ಇವರನ್ನ ಮುಗಿಸೋಣ ಅಂತ. ಸಭೆಯಲ್ಲಿ ಶಿಕೊತೆಂಕಾತ್ಲ್ ಅನ್ನೋ ಯುವ ಸೇನಾಪತಿ ಅದೇ ಸರಿ ಅಂದ. ಹಿರಿಯರು ಒಪ್ಪಲಿಲ್ಲ. 1521ರಲ್ಲಿ ಕೋರ್ತೆಸ್ ಅವನನ್ನ ಗಲ್ಲಿಗೆ ಹಾಕಿಸಿದ. ತ್ಲಾಷ್ಕಾಲಾಗೆ ಒಂದಿಷ್ಟು ಸವಲತ್ತು ಸಿಕ್ಕಿತು ನಿಜ. ಆದರೆ ತಾವು ಮಾಡಿದ ಸಹಾಯವನ್ನ ಬಟ್ಟೆಯ ಮೇಲೆ ಚಿತ್ರ ಬರೆದು ಸ್ಪೇನಿನ ರಾಜನಿಗೆ ನೆನಪಿಸಬೇಕಾಗಿ ಬಂತು. ರೋಗಗಳು ಮಿತ್ರರು, ಶತ್ರುಗಳು ಅಂತ ನೋಡಲಿಲ್ಲ. ಮುಂದಿನ ನೂರು ವರ್ಷದಲ್ಲಿ ಆ ನಾಡಿನ ಮೂಲಜನರಲ್ಲಿ ಬಹುಪಾಲು ಅಳಿದುಹೋದರು.

ಹಾಗಂತ ತಪ್ಪೆಲ್ಲ ಜೊತೆಗೂಡಿದವರದ್ದು ಅಂತ ನಾನು ಹೇಳ್ತಿಲ್ಲ. ಹಬ್ಬದ ದಿನ ಕತ್ತಿ ಎತ್ತಿದವರು ಯಾರು ಅನ್ನೋದು ಮರೀಬಾರದು. ನೆರೆಯವರ ಜಗಳ ಪ್ರಪಂಚದ ಎಲ್ಲಾ ಕಡೆ ಇತ್ತು, ಯುರೋಪಿನಲ್ಲೂ ಇತ್ತು. ಅದನ್ನ ಬಳಸಿಕೊಂಡು ಇಬ್ಬರನ್ನೂ ಆಳೋದು ಬೇರೆ ಮಾತು. ಅದರ ಹೊಣೆ ಆಳಿದವರದ್ದೇ.

ಮಗಳಿಗೆ ಭಾನುವಾರ ಇದನ್ನೆಲ್ಲ ಹೇಳಿದೆ. ದಡ್ಡರಲ್ಲ ಪುಟ್ಟಾ, ಅವರವರ ಕಣ್ಣಿಗೆ ಕಂಡಷ್ಟು ದೂರಕ್ಕೆ ಸರಿಯಾಗೇ ಲೆಕ್ಕ ಹಾಕಿದ್ದರು, ಬಂದವರು ಎಷ್ಟು ದೂರದ ಲೆಕ್ಕ ತಂದಿದ್ದಾರೆ ಅಂತ ಅವರಿಗೆ ಕಾಣಲಿಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಹಾಗಾದ್ರೆ ಆ ಉಪ್ಪು ಮೊದಲೇ ಕೊಟ್ಟಿದ್ದಿದ್ರೆ?"

ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ನಿಮ್ಮ ಮನೆ ಮಕ್ಕಳ ಜೊತೆ ಒಮ್ಮೆ ಮಾತಾಡಿ ನೋಡಿ.