ಮಾಜಿ ಸೈನಿಕರೂ ನಮ್ಮ ಕರ್ತವ್ಯವೂ



ಸಾಮಾನ್ಯ ಸಿಪಾಯಿಯು ಮೂವತ್ತೈದು ನಲವತ್ತರ ಪ್ರಾಯದಲ್ಲಿಯೇ ನಿವೃತ್ತನಾಗುವನು. ಮಕ್ಕಳಿನ್ನೂ ಶಾಲೆಯಲ್ಲಿರುವಾಗಲೇ ಅವನ ಸಂಬಳವು ನಿಲ್ಲುವುದು. ಆದುದರಿಂದ ಸರಕಾರವು ಅವನಿಗೆ ಕೊಡುವುದು ದಾನವಲ್ಲ, ಋಣಸಂದಾಯ.

ಆ ಋಣವು ಸ್ವಲ್ಪಮಟ್ಟಿಗೆ ತೀರುತ್ತ ಬಂದಿದೆ. ೨೦೦೩ರಲ್ಲಿ ಪಿಂಚಣಿದಾರ ಸೈನಿಕರಿಗೂ ಅವರ ಆಶ್ರಿತರಿಗೂ ವಂತಿಗೆಯ ಆರೋಗ್ಯ ಯೋಜನೆಯು ಆರಂಭವಾಯಿತು. ಒಂದೇ ದರ್ಜೆಗೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿಯೆಂಬ ತತ್ತ್ವವು ದೀರ್ಘ ಹೋರಾಟದ ತರುವಾಯ ೨೦೧೫ರಲ್ಲಿ ಅಂಗೀಕೃತವಾಗಿ, ೨೦೧೪ರ ಜುಲೈ ೧ರಿಂದಲೇ ಅನ್ವಯಿಸಿತು.

ಆದರೆ ಕಾಗದದ ಮೇಲಿನ ಹಕ್ಕು ತಾನಾಗಿ ಮನೆಯ ಹೊಸ್ತಿಲನ್ನು ದಾಟದು. ಗತಿಸಿದ ಸಿಪಾಯಿಯೊಬ್ಬನ ಪತ್ನಿಯು ನನ್ನಲ್ಲಿಗೆ ಬಂದಿದ್ದರು. ಸೈನ್ಯದ ದಾಖಲೆಯಲ್ಲಿ ಆಕೆಯ ಹೆಸರು ಒಂದು ಬಗೆ, ಗುರುತಿನ ಚೀಟಿಯಲ್ಲಿ ಇನ್ನೊಂದು ಬಗೆ. ಇಷ್ಟಕ್ಕೇ ಕುಟುಂಬ ಪಿಂಚಣಿಯು ನಿಂತಿತ್ತು. ಬಂದ ಪತ್ರಗಳೆಲ್ಲ ಇಂಗ್ಲಿಷಿನಲ್ಲಿ. ಓದಿ ಹೇಳುವವರಿಲ್ಲದೆ ಆಕೆ ಅವನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು!

ಕನ್ನಡಿಗರೊಡನೆ ಕನ್ನಡದಲ್ಲಿ ವ್ಯವಹರಿಸುವುದು ಸರಕಾರದ ಧರ್ಮ. ಓದಿ ಹೇಳುವುದು ನಮ್ಮ ಧರ್ಮ. ಉಪಾಧ್ಯಾಯರೇ, ೧೯೪೯ರಿಂದ ನಡೆದುಬಂದಂತೆ ಡಿಸೆಂಬರ್ ೭ರಂದು ಧ್ವಜದ ಚೀಟಿಯನ್ನು ಎದೆಗೆ ಸಿಕ್ಕಿಸಿಕೊಳ್ಳಿರಿ, ಅಷ್ಟಕ್ಕೇ ನಿಲ್ಲಬೇಡಿರಿ. ನಿಮ್ಮೂರಿನ ಮಾಜಿ ಸೈನಿಕನ ಮನೆಗೆ ಹೋಗಿ, ದಾಖಲೆಯಲ್ಲಿ ಪತ್ನಿಯ ಹೆಸರು ಸರಿಯಾಗಿದೆಯೇ ಎಂದು ನೋಡಿರಿ. ತಪ್ಪಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಜೊತೆಯಲ್ಲಿ ಹೋಗಿರಿ. ಅವನು ಬದುಕಿರುವಾಗಲೇ ಅದನ್ನು ತಿದ್ದಿಸಿರಿ.